ಪ್ರಯಾಣ ಹೊರಡುವ ನಾಯಿ, ಹಟ್ಟಿಗೆ ಬರುವ ದನ

ನಮ್ಮ ಹಿರಿಯರ ಕಾಲದಲ್ಲಿ ಮನೆಯ ಪ್ರಾಣಿಗಳಿಗೆ ಪ್ರಯಾಣವೆಂಬುದು ಹೆಚ್ಚಾಗಿ ಇರಲಿಲ್ಲ. ಹಟ್ಟಿಯಲ್ಲಿ ಹುಟ್ಟಿದ ಕರು ಅದೇ ಹಟ್ಟಿಯಲ್ಲಿ ದನವಾಗಿ, ಮುದಿಯಾಗಿ, ತೋಟದ ಬದಿಯಲ್ಲಿ ಮಣ್ಣಾಗುತ್ತಿತ್ತು. ನಾಯಿಗೆ ಅಂಗಳ ಬಿಟ್ಟರೆ ತೋಟ, ತೋಟ ಬಿಟ್ಟರೆ ಗುಡ್ಡೆ. ಘಟ್ಟದ ಮೇಲಿನ ಎತ್ತು ಬೇಕೆಂದಾದರೆ ಸುಬ್ರಹ್ಮಣ್ಯದ ಸಮೀಪ ಕುಲ್ಕುಂದದಲ್ಲಿ ಸೇರುತ್ತಿದ್ದ ಜಾನುವಾರು ಜಾತ್ರೆಗೆ ಹೋಗಬೇಕಿತ್ತು. ಆ ಎತ್ತುಗಳು ಘಟ್ಟ ಇಳಿದು ನಡೆದೇ ಬರುತ್ತಿದ್ದವು. ಕೊಂಡವರೂ ಅವುಗಳನ್ನು ನಡೆಸಿಕೊಂಡೇ ಮನೆಗೆ ತರುತ್ತಿದ್ದರು.

ಈಗ ಹಾಗಲ್ಲ. ಹಾಸನದ ಕಡೆ ಬೆಳಿಗ್ಗೆ ಪಿಕಪ್ ಏರಿದ ಹಸು ಸಂಜೆಯ ಹಾಲು ಕರೆಯುವ ಹೊತ್ತಿಗೆ ಪೆರಾಬೆಯಲ್ಲೋ ಆಲಂಕಾರಿನಲ್ಲೋ ಇರುತ್ತದೆ. ಬೆಂಗಳೂರಿನ ಮಗನ ಮನೆಯ ನಾಯಿ ರಾತ್ರಿ ಕಾರಿನಲ್ಲಿ ಹೊರಟು ಬೆಳಗಿನ ಕಾಫಿಯ ಹೊತ್ತಿಗೆ ನಮ್ಮ ಜಗಲಿಯಲ್ಲಿ ಮಲಗಿರುತ್ತದೆ. ಸೌಕರ್ಯ ಹೆಚ್ಚಿತು, ಸಂತೋಷ. ಆದರೆ ಇದರಲ್ಲಿ ಒಂದು ಲೆಕ್ಕವನ್ನು ನಾವು ಮರೆಯುತ್ತಿದ್ದೇವೆ. ಕಾಲುಬಾಯಿ ಜ್ವರದ ವಿಷಾಣು ದನದ ಮೈ ಹೊಕ್ಕ ಮೇಲೆ ಬಾಯಿ ಹುಣ್ಣು, ಗೊರಸಿನ ಹುಣ್ಣು ಕಾಣಿಸಲು 2ರಿಂದ 14 ದಿನ ಬೇಕು. ದಿನಗಟ್ಟಲೆ ನಡೆದು ಬರುತ್ತಿದ್ದ ದನ ದಾರಿಯಲ್ಲಿಯೇ ಕುಂಟಿ, ಜೊಲ್ಲು ಸುರಿಸಿ ತನ್ನ ರೋಗವನ್ನು ತಾನೇ ಹೇಳಿಬಿಡುತ್ತಿತ್ತು. (ದಾರಿಯುದ್ದಕ್ಕೂ ರೋಗ ಬಿತ್ತಿಕೊಂಡು ಬರುತ್ತಿತ್ತು ಎಂಬುದೂ ನಿಜವೇ.) ಇಂದು ಆರೇಳು ತಾಸಿನಲ್ಲಿ ಬರುವ ದನಕ್ಕೆ ಹಾಗೆ ಹೇಳಲು ಸಮಯವೇ ಇಲ್ಲ. ಅದು ನೋಡಲು ಆರೋಗ್ಯವಾಗಿಯೇ ಬಂದು, ನಮ್ಮ ಹಟ್ಟಿಯಲ್ಲಿ ನಿಂತು, ಐದನೆಯ ದಿನ ಮೇವು ಬಿಡುತ್ತದೆ. ಅಷ್ಟರಲ್ಲಿ ಪಕ್ಕದ ಗೂಟದ ದನಕ್ಕೂ ತಗಲಿ ಆಗಿರುತ್ತದೆ.

ಆದುದರಿಂದ ಪ್ರಯಾಣ ಆರು ತಾಸಿನದಾದರೂ ಅದರ ಸಿದ್ಧತೆ ಒಂದು ತಿಂಗಳ ಹಿಂದೆ ಆರಂಭವಾಗಬೇಕು, ಅದರ ಜಾಗ್ರತೆ ತಲುಪಿದ ಮೇಲೂ ಮೂರು ವಾರ ಮುಂದುವರಿಯಬೇಕು. ದನಕ್ಕೂ ನಾಯಿಗೂ ಇದೇ ಮಾತು. ವಾಹನ, ಟಿಕೇಟು, ದಾರಿಯ ಊಟ ಇವೆಲ್ಲ ಮಧ್ಯದ ಸಣ್ಣ ಸಂಗತಿಗಳು. ನಮ್ಮಲ್ಲಿ ಹೆಚ್ಚಿನವರು ಚಿಂತಿಸುವುದು ಈ ಮಧ್ಯದ ಭಾಗವನ್ನು ಮಾತ್ರ.

ನಾಯಿಗೆ ಒಂದು ತಿಂಗಳು ಯಾಕೆ?

ಹುಚ್ಚುನಾಯಿ ರೋಗದ ಚುಚ್ಚುಮದ್ದು ಇಂದು ಕೊಟ್ಟರೆ ನಾಳೆ ರಕ್ಷಣೆ ಬರುವುದಿಲ್ಲ. ಮೊದಲ ಸಲ ಚುಚ್ಚಿದ ಮೇಲೆ ಮೈಯಲ್ಲಿ ಸಾಕಷ್ಟು ರೋಗನಿರೋಧಕ ಶಕ್ತಿ ಹುಟ್ಟಲು ಮೂರು ನಾಲ್ಕು ವಾರ ಹಿಡಿಯುತ್ತದೆ. ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲ ಚುಚ್ಚುಮದ್ದು, ವೈದ್ಯರು ಹೇಳಿದಂತೆ ಸುಮಾರು ಒಂದು ತಿಂಗಳಲ್ಲಿ ಇನ್ನೊಮ್ಮೆ, ಬಳಿಕ ವರ್ಷಕ್ಕೊಮ್ಮೆ. ಇದು ಎಲ್ಲರಿಗೂ ಗೊತ್ತಿರುವ ಕ್ರಮ. ಆದರೂ ಪೇಟೆಗೆ ಹೊರಡುವ ಹಿಂದಿನ ದಿನ ನಾಯಿಯನ್ನು ಆಸ್ಪತ್ರೆಗೆ ಕೊಂಡೊಯ್ದು "ಒಂದು ಇಂಜೆಕ್ಷನ್ ಕೊಡಿ, ಚೀಟಿ ಕೊಡಿ" ಎಂದು ಕೇಳುವ ಪರಿಪಾಠ ನಮ್ಮಲ್ಲಿದೆ. ಚೀಟಿ ಸಿಗಬಹುದು, ರಕ್ಷಣೆ ಸಿಗುವುದಿಲ್ಲ. ಪೇಟೆಯ ಬೀದಿಯಲ್ಲಿ ನಾಯಿಗಳ ಹಿಂಡಿನ ನಡುವೆ ನಮ್ಮ ತೋಟದ ನಾಯಿ ಹೊಸಬ, ಕಚ್ಚಾಟ ಖಂಡಿತ.

ಈ ರೋಗದ ವಿಷಯದಲ್ಲಿ ಸ್ವಲ್ಪ ಬಿಗಿಯಾಗಿಯೇ ಬರೆಯಬೇಕಾಗಿದೆ. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪ್ಯಾಶ್ಚರರು ಹುಚ್ಚುನಾಯಿ ಕಚ್ಚಿದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಲಸಿಕೆ ಕೊಡಿಸಿದರು. ನಮ್ಮ ದಕ್ಷಿಣ ಭಾರತಕ್ಕೆ ಆ ಲಸಿಕೆಯನ್ನು ಒದಗಿಸಲು ಕೂನೂರಿನಲ್ಲಿ ಪ್ಯಾಶ್ಚರ್ ಸಂಸ್ಥೆ 1907ರಲ್ಲಿ ಆರಂಭವಾಯಿತು. ಇಷ್ಟು ವರ್ಷಗಳ ಮೇಲೂ, ರೋಗದ ಲಕ್ಷಣ ಕಾಣಿಸಿಕೊಂಡ ಬಳಿಕ ಮನುಷ್ಯನನ್ನಾಗಲಿ ಪ್ರಾಣಿಯನ್ನಾಗಲಿ ಉಳಿಸುವ ಮದ್ದು ಇಲ್ಲ. ಇರುವುದು ತಡೆಯುವ ಮದ್ದು ಮಾತ್ರ. ನಾಯಿ ಕಚ್ಚಿದರೆ, ಅದು ಮನೆಯ ನಾಯಿಯೇ ಆಗಿರಲಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ನಳ್ಳಿ ಇಲ್ಲದಿದ್ದರೆ ಚೆಂಬಿನಿಂದ ಹೊಯ್ಯುತ್ತಲೇ ಇರಬೇಕು. ಸುಣ್ಣ, ಮೆಣಸಿನ ಹುಡಿ, ಕಾಫಿ ಹುಡಿ ಮೆತ್ತುವ ಮದ್ದು ಬೇಡ. ಕಾಫಿ ಹುಡಿ ಕುಡಿಯಲಿಕ್ಕೆ ಇರುವುದು, ಗಾಯಕ್ಕಲ್ಲ. ತೊಳೆದ ಕೂಡಲೇ ಆಸ್ಪತ್ರೆ. ಕಚ್ಚಿದ ನಾಯಿಯನ್ನು ಕೊಲ್ಲದೆ, ಸಾಧ್ಯವಾದರೆ ಕಟ್ಟಿಹಾಕಿ 10 ದಿನ ಗಮನಿಸಬೇಕು. ಆದರೆ ಆ 10 ದಿನ ಕಾದು ನೋಡಿ ಮತ್ತೆ ಚುಚ್ಚಿಸಿಕೊಳ್ಳೋಣ ಎಂಬ ಲೆಕ್ಕಾಚಾರ ಕೂಡದು. ಚುಚ್ಚುಮದ್ದು ಅಂದೇ ಆರಂಭವಾಗಬೇಕು.

ಮರಿಗಳ ವಿಷಯದಲ್ಲಿ ಇನ್ನೊಂದು ಮಾತು. ರಕ್ತಭೇದಿ ಹಿಡಿದು ಎರಡು ಮೂರು ದಿನಗಳಲ್ಲಿ ಮರಿಯನ್ನು ಕೊಲ್ಲುವ ಪಾರ್ವೋ ರೋಗ, ಡಿಸ್ಟೆಂಪರ್ ರೋಗ ಮತ್ತು ನಮ್ಮ ಜಿಲ್ಲೆಯವರಿಗೆ ಚೆನ್ನಾಗಿ ಪರಿಚಯವಿರುವ ಇಲಿಜ್ವರ ಇವುಗಳಿಗೂ ಲಸಿಕೆ ಇದೆ. ಆರರಿಂದ ಎಂಟು ವಾರಗಳ ಮರಿಗೆ ಮೊದಲ ಸಲ ಕೊಟ್ಟು, ಮೂರು ನಾಲ್ಕು ವಾರಕ್ಕೊಮ್ಮೆ ಮುಂದುವರಿಸುತ್ತಾರೆ. ಈ ಸರಣಿ ಮುಗಿಯದ ಮರಿಯನ್ನು ಪೇಟೆಗೆ ಒಯ್ಯುವುದೂ ಸರಿಯಲ್ಲ, ಪೇಟೆಯ ಅಂಗಡಿಯಿಂದ ಕೊಂಡು ಅದೇ ದಿನ ಊರಿಗೆ ತರುವುದೂ ಸರಿಯಲ್ಲ. ಹಾಗೆ ತಂದ ದುಬಾರಿ ಮರಿಗಳು ವಾರದೊಳಗೆ ಮಣ್ಣಾದದ್ದನ್ನು ನಮ್ಮ ಸದಸ್ಯರ ಮನೆಗಳಲ್ಲಿ ಕಂಡಿದ್ದೇವೆ. ಇಲಿಜ್ವರ ನಾಯಿಯ ಮೂತ್ರದಿಂದ ಮನುಷ್ಯರಿಗೂ ಬರುವ ರೋಗ. ತೋಟದ ಕಣಿಯ ನೀರಿನಲ್ಲಿ ಬರಿಗಾಲಿನಲ್ಲಿ ಕೆಲಸ ಮಾಡುವವರು ಇದನ್ನು ನೆನಪಿಡಬೇಕು.

ಉಣುಗು

ಟಿಕೇಟು ಇಲ್ಲದೆ ಪ್ರಯಾಣ ಮಾಡುವ ಪ್ರಾಣಿ ಎಂದರೆ ಉಣುಗು. ನಮ್ಮ ಗುಡ್ಡೆಯ ಉಣುಗನ್ನು ನಾಯಿ ಪೇಟೆಗೆ ಒಯ್ಯುತ್ತದೆ, ಪೇಟೆಯದನ್ನು ಇಲ್ಲಿಗೆ ತರುತ್ತದೆ. ನಾಯಿಗೆ ಜ್ವರ, ರಕ್ತಹೀನತೆ, ಮೂಗಿನಲ್ಲಿ ರಕ್ತ ಬರಿಸುವ ರೋಗಗಳು ಉಣುಗಿನಿಂದಲೇ ಬರುವುದು. ಮನುಷ್ಯರಿಗೂ ಉಣುಗಿನ ಭಯವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ 1982-83ರಲ್ಲಿ ನಮ್ಮ ನೆರೆಯ ಬೆಳ್ತಂಗಡಿಯ ಕಡೆ ಕಾಣಿಸಿಕೊಂಡು ಅನೇಕ ಪ್ರಾಣಗಳನ್ನು ಬಲಿ ತೆಗೆದುಕೊಂಡದ್ದನ್ನು ಹಿರಿಯ ಸದಸ್ಯರು ಮರೆತಿರಲಾರರು. ಆ ಉಣುಗುಗಳು ಕಾಡಿಗೆ ಮೇಯಲು ಹೋಗುವ ದನಗಳ ಮೈಯಲ್ಲಿ ಬಲಿತು, ಮೊಟ್ಟೆಯಿಟ್ಟು ಹೆಚ್ಚುತ್ತವೆ.

ಹೊರಡುವ ವಾರದ ಮೊದಲೇ ವೈದ್ಯರಿಂದ ಉಣುಗಿನ ಮದ್ದು ಕೇಳಿ ಹಾಕಿಸಬೇಕು. ತೋಟಕ್ಕೆಂದು ತಂದಿಟ್ಟ ಕೀಟನಾಶಕವನ್ನು ನೀರು ಬೆರೆಸಿ ನಾಯಿಯ ಮೈಗೆ ಹಚ್ಚುವ ದುರಭ್ಯಾಸ ಕೆಲವರಲ್ಲಿದೆ. ಉಣುಗು ಸಾಯುತ್ತದೆ, ಮೈ ನೆಕ್ಕಿದ ನಾಯಿಯೂ ಸಾಯಬಹುದು. ನಾಯಿಗೆ ಹಾಕುವ ಪರ್ಮೆಥ್ರಿನ್ ಎಂಬ ಮದ್ದು ಬೆಕ್ಕಿಗೆ ವಿಷ. ಮನೆಯಲ್ಲಿ ಎರಡೂ ಇದ್ದರೆ ವೈದ್ಯರಿಗೆ ಅದನ್ನು ಮೊದಲೇ ತಿಳಿಸಬೇಕು.

ದಾರಿಯಲ್ಲಿ

ಶಿರಾಡಿಯಾಗಲಿ ಸಂಪಾಜೆಯಾಗಲಿ, ಘಟ್ಟದ ತಿರುವುಗಳಲ್ಲಿ ಮನುಷ್ಯರಿಗೇ ಹೊಟ್ಟೆ ತೊಳಸುತ್ತದೆ. ನಾಯಿಗೆ ಹೊರಡುವ ಮೂರು ನಾಲ್ಕು ತಾಸು ಮೊದಲು ಸ್ವಲ್ಪ ಊಟ ಕೊಟ್ಟು ನಿಲ್ಲಿಸಬೇಕು. ನೀರು ಮಾತ್ರ ಕೊಡುತ್ತಿರಬೇಕು. ವಾಹನ ಕಂಡೇ ಇಲ್ಲದ ನಾಯಿಯನ್ನು ಮೊದಲ ಸಲವೇ ಬೆಂಗಳೂರಿಗೆ ಹೊರಡಿಸಬಾರದು. ಒಂದು ದಿನ ನಿಂತ ಜೀಪಿನಲ್ಲಿ ಕೂರಿಸಿ, ಇನ್ನೊಂದು ದಿನ ಆಲಂಕಾರು ಪೇಟೆಯವರೆಗೆ ಕೊಂಡೊಯ್ದು, ಮತ್ತೊಂದು ದಿನ ಉಪ್ಪಿನಂಗಡಿಯವರೆಗೆ ಹೋಗಿ ಬಂದರೆ ಅದಕ್ಕೆ ಹೆದರಿಕೆ ಬಿಡುತ್ತದೆ. ವಾಂತಿಯ ಮಾತ್ರೆ, ನಿದ್ದೆಯ ಮಾತ್ರೆ ಎಂದು ಮನೆಯವರ ಡಬ್ಬಿಯಿಂದ ತೆಗೆದು ಕೊಡಬಾರದು. ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಮಾತ್ರೆಯೊಂದೇ ಬೆಕ್ಕನ್ನು ಕೊಲ್ಲಲು ಸಾಕು. ಬೇಕಿದ್ದರೆ ಪಶುವೈದ್ಯರೇ ತೂಕ ನೋಡಿ ಕೊಡಲಿ.

ಮಕ್ಕಳು ಕಾರಿನಲ್ಲಿ ತಾವು ತಿನ್ನುವ ಚಾಕಲೇಟನ್ನು ನಾಯಿಗೂ ಹಂಚುತ್ತಾರೆ. ನಾವು ಕೊಕ್ಕೊ ಬೆಳೆದು ಪುತ್ತೂರಿನ ಚಾಕಲೇಟು ಕಾರ್ಖಾನೆಗೆ ಕೊಡುವವರು. ನಮ್ಮ ಬೆಳೆಯ ಬಗ್ಗೆ ಹೀಗೆ ಬರೆಯುವುದು ಸರಿಯೋ ಎಂದು ಯಾರಾದರೂ ಕೇಳಬಹುದು. ಆದರೆ ಕೊಕ್ಕೊದಲ್ಲಿರುವ ಥಿಯೊಬ್ರೊಮಿನ್ ಎಂಬ ವಸ್ತುವನ್ನು ನಾಯಿಯ ದೇಹ ಬೇಗ ಹೊರಹಾಕಲಾರದು. ಕಪ್ಪು ಚಾಕಲೇಟು, ಕೊಕ್ಕೊ ಹುಡಿ, ಅಂಗಳದಲ್ಲಿ ಒಣಗಲು ಹಾಕಿದ ಕೊಕ್ಕೊ ಬೀಜ ಇವು ನಾಯಿಗೆ ವಾಂತಿ, ನಡುಕ, ಎದೆಬಡಿತ ತರಿಸಿ ಪ್ರಾಣಕ್ಕೆ ಅಪಾಯ ತಂದಾವು. ಚಾಕಲೇಟು ಮಕ್ಕಳೇ ತಿನ್ನಲಿ.

ನಿಲ್ಲಿಸಿದ ಕಾರಿನೊಳಗೆ ನಾಯಿಯನ್ನು ಬಿಟ್ಟು ಹೋಟೆಲಿಗೆ ಊಟಕ್ಕೆ ಹೋಗುವುದು ಇನ್ನೊಂದು ದೊಡ್ಡ ತಪ್ಪು. ಹೊರಗೆ 30 ಡಿಗ್ರಿ ಸೆಖೆ ಇದ್ದರೆ ಗಾಜು ಏರಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ 40 ಡಿಗ್ರಿಯ ಹತ್ತಿರ ಏರುತ್ತದೆ. ನಾಯಿ ಮೈ ಬೆವರುವ ಪ್ರಾಣಿಯಲ್ಲ, ನಾಲಗೆ ಚಾಚಿ ಏದುಸಿರಿನಿಂದ ಮಾತ್ರ ಮೈ ತಣಿಸಿಕೊಳ್ಳುತ್ತದೆ. ಮೂಗು ಚಪ್ಪಟೆಯಾದ ಪಗ್ ಮೊದಲಾದ ಜಾತಿಗಳಿಗೆ ಅದೂ ಕಷ್ಟ. ಒಬ್ಬರು ಊಟ ಮಾಡುವಾಗ ಒಬ್ಬರು ನಾಯಿಯೊಂದಿಗೆ ನೆರಳಿನಲ್ಲಿ ನಿಂತರಾಯಿತು.

ರೈಲಿನಲ್ಲಿ ಒಯ್ಯುವವರು ನಿಯಮ ತಿಳಿದಿರಬೇಕು. ಪ್ರಥಮ ದರ್ಜೆಯಲ್ಲಿ ಇಬ್ಬರ ಅಥವಾ ನಾಲ್ವರ ಇಡೀ ಕೋಣೆಯನ್ನು ಕಾದಿರಿಸಿಕೊಂಡರೆ ಮಾತ್ರ ನಾಯಿಯನ್ನು ಜತೆಯಲ್ಲಿ ಇಟ್ಟುಕೊಳ್ಳಬಹುದು. ಸ್ಲೀಪರಿನಲ್ಲಾಗಲಿ ಇತರ ಹವಾನಿಯಂತ್ರಿತ ಬೋಗಿಗಳಲ್ಲಾಗಲಿ ಬಿಡುವುದಿಲ್ಲ. ಇಲ್ಲವಾದರೆ ಗಾರ್ಡಿನ ಬೋಗಿಯ ನಾಯಿಗೂಡಿನಲ್ಲಿ ಕಳುಹಿಸಬೇಕು. ಕಬಕ ಪುತ್ತೂರು ಅಥವಾ ಸುಬ್ರಹ್ಮಣ್ಯ ರೋಡಿನಲ್ಲಿ ಹತ್ತುವವರು ತಾವು ಹೋಗುವ ಗಾಡಿಯಲ್ಲಿ ಪ್ರಥಮ ದರ್ಜೆಯ ಬೋಗಿ ಉಂಟೋ ಇಲ್ಲವೋ ಎಂದು ಮೊದಲು ವಿಚಾರಿಸಿ, ಪಾರ್ಸೆಲ್ ಕಛೇರಿಗೆ ಸಮಯಕ್ಕಿಂತ ಬಹಳ ಮೊದಲು ಹೋಗಬೇಕು. ಸರಕಾರಿ ಬಸ್ಸುಗಳಲ್ಲಿ ಸಾಮಾನ್ಯ ಕೆಂಪು ಬಸ್ಸಿನಲ್ಲಿ ಮಾತ್ರ ನಾಯಿಗೆ ಅವಕಾಶ, ಅದಕ್ಕೂ ಟಿಕೇಟು ಉಂಟು. ರಾಜಹಂಸ, ಐರಾವತ ಮೊದಲಾದವುಗಳಲ್ಲಿ ಇಲ್ಲ. ಬೆಕ್ಕಿನ ಪ್ರಯಾಣದ ಬಗ್ಗೆ ಹೆಚ್ಚು ಬರೆಯುವುದೇನೂ ಇಲ್ಲ. ಗಾಳಿಯಾಡುವ ಗಟ್ಟಿ ಬುಟ್ಟಿ, ಒಳಗೆ ಅದರದೇ ಹಳೆಯ ಬಟ್ಟೆ, ಬುಟ್ಟಿಯ ಮೇಲೊಂದು ತೆಳು ಹೊದಿಕೆ. ತಲುಪಿದ ಮೇಲೆ ಒಂದು ಕೋಣೆಯಲ್ಲಿ ಕೆಲವು ದಿನ ಕೂಡಿಹಾಕದಿದ್ದರೆ ಬೆಕ್ಕು ಹಳೆಯ ಮನೆ ಹುಡುಕಿಕೊಂಡು ಹೊರಟುಬಿಡುತ್ತದೆ.

1978ರ ಪ್ರಾಣಿ ಸಾಗಾಟ ನಿಯಮಗಳ ಪ್ರಕಾರ ನಾಯಿ ಬೆಕ್ಕುಗಳು ಪ್ರಯಾಣಕ್ಕೆ ಯೋಗ್ಯವಾಗಿವೆ, ಅಂಟುರೋಗವಿಲ್ಲ ಎಂದು ಅರ್ಹ ಪಶುವೈದ್ಯರು ಕೊಟ್ಟ ಪ್ರಮಾಣಪತ್ರ ಬೇಕು. ದಿನ ತುಂಬಿದ ಗಬ್ಬದ ನಾಯಿಯನ್ನು ಸಾಗಿಸಬಾರದು. ಹಾಲು ಬಿಡದ ಮರಿಗಳನ್ನು ತಾಯಿಯ ಹೊರತು ಬೇರೆ ದೊಡ್ಡ ನಾಯಿಗಳ ಜತೆ ಹಾಕಬಾರದು. ಮಕ್ಕಳು ಪರದೇಶದಲ್ಲಿರುವ ಸದಸ್ಯರು ಕೆಲವರು ನಾಯಿಯನ್ನು ಅಲ್ಲಿಗೆ ಕಳುಹಿಸುವ ಬಗ್ಗೆ ಕೇಳುತ್ತಾರೆ. ಇದಕ್ಕೆ ಒಂದು ತಿಂಗಳು ಸಾಲದು, ಅರ್ಧ ವರ್ಷ ಮೊದಲೇ ಹೊರಡಬೇಕು. ಬ್ರಿಟನ್ನಿನಲ್ಲಿ 2000ದ ಇಸವಿಯವರೆಗೂ ಹೊರಗಿನಿಂದ ಬಂದ ನಾಯಿಯನ್ನು ಆರು ತಿಂಗಳು ಪ್ರತ್ಯೇಕ ಕೂಡಿಡುತ್ತಿದ್ದರು. ಈಗ ಯುರೋಪಿನ ದೇಶಗಳಿಗೆ ಭಾರತದಿಂದ ಹೋಗುವ ನಾಯಿಗೆ ಮೊದಲು ಚರ್ಮದಡಿ ಮೈಕ್ರೋಚಿಪ್, ಆಮೇಲೆ ಹುಚ್ಚುರೋಗದ ಲಸಿಕೆ, 30 ದಿನ ಕಳೆದ ಮೇಲೆ ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯುವುದು. ಈ ಕ್ರಮ ತಪ್ಪಿದರೆ ಮತ್ತೆ ಮೊದಲಿನಿಂದ. ಅಮೆರಿಕಕ್ಕೆ 2024ರ ಆಗಸ್ಟ್ 1ರಿಂದ ಆರು ತಿಂಗಳು ತುಂಬದ ನಾಯಿಗೆ ಪ್ರವೇಶವೇ ಇಲ್ಲ.

ಇಷ್ಟೆಲ್ಲ ಬರೆದ ಮೇಲೂ ನಮ್ಮ ಅಭಿಪ್ರಾಯವೆಂದರೆ, ನಾಲ್ಕು ದಿನದ ಮದುವೆಗೋ ಮುಂಜಿಗೋ ಹೋಗುವಾಗ ತೋಟದ ನಾಯಿಯನ್ನು ತೋಟದಲ್ಲಿಯೇ ಬಿಟ್ಟು, ಅದಕ್ಕೆ ಪರಿಚಯವಿರುವ ಕೆಲಸದವರಿಗೋ ನೆರೆಯವರಿಗೋ ಅನ್ನ ಹಾಕಲು ಹೇಳಿ ಹೋಗುವುದೇ ಮೇಲು. ಚುಚ್ಚುಮದ್ದಿನ ಕಾರ್ಡು ಎಲ್ಲಿದೆ, ವೈದ್ಯರ ದೂರವಾಣಿ ಯಾವುದು ಎಂಬುದನ್ನು ಅವರಿಗೆ ತೋರಿಸಿಕೊಡಬೇಕು.

ಹಟ್ಟಿಗೆ ಬರುವ ಹಸು

ನಾಯಿಯ ವಿಷಯದಲ್ಲಿ ಮಮತೆಯ ಪ್ರಶ್ನೆ, ಹಸುವಿನ ವಿಷಯದಲ್ಲಿ ಮಮತೆಯೊಂದಿಗೆ ಸೊಸೈಟಿಯ ಸಾಲದ ಪ್ರಶ್ನೆಯೂ ಉಂಟು. ಅಡಿಕೆಗೆ ಹಳದಿ ರೋಗವೋ ಎಲೆಚುಕ್ಕಿ ರೋಗವೋ ಬಂದ ವರ್ಷ ಹಾಲಿನ ಹಣದಲ್ಲಿ ಮನೆ ನಡೆಯುವ ಕುಟುಂಬಗಳು ನಮ್ಮ ಗ್ರಾಮದಲ್ಲಿ ಕಡಿಮೆಯಿಲ್ಲ. ಸಾಲ ಮಾಡಿ ತಂದ ಮಿಶ್ರತಳಿಯ ಹಸು ತಿಂಗಳೊಳಗೆ ಸತ್ತರೆ ಆ ಮನೆಯ ಲೆಕ್ಕವೇ ತಲೆಕೆಳಗಾಗುತ್ತದೆ. ಹೀಗೆ ಸಾಯುವ ಹಸುಗಳಲ್ಲಿ ಹಲವು ಸಾಯುವುದು ಬಂದ ಮೂರು ವಾರದೊಳಗೆ ಎಂಬುದನ್ನು ಗಮನಿಸಬೇಕು. "ದೃಷ್ಟಿ ತಾಗಿತು", "ನೀರು ಹಿಡಿಸಲಿಲ್ಲ" ಎಂದು ಹೇಳುವುದು ವಾಡಿಕೆ. ಕಾರಣ ಬೇರೆಯೇ ಇರುತ್ತದೆ.

ಒಣಹವೆಯ ಬಯಲುಸೀಮೆಯ ಹಸು ಗಾಡಿಯಲ್ಲಿ ನಿಂತು, ಹೆದರಿ, ನೀರಿಲ್ಲದೆ ಬಂದು ನಮ್ಮ ಸೆಖೆಗೂ ತೇವಕ್ಕೂ ಒಮ್ಮೆಲೇ ಬೀಳುತ್ತದೆ. ಆ ಆಯಾಸದಲ್ಲಿ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಉಣುಗಿನಿಂದ ಬರುವ ಥೈಲೇರಿಯಾ, ಬಬೇಸಿಯಾ ಎಂಬ ರಕ್ತದ ಪರೋಪಜೀವಿಗಳು ಎಷ್ಟೋ ದನಗಳ ಮೈಯಲ್ಲಿ ಮೊದಲೇ ಅಡಗಿ ಕುಳಿತಿರುತ್ತವೆ. ಈ ಸಂದರ್ಭ ನೋಡಿ ತಲೆಯೆತ್ತುತ್ತವೆ. ಇಲ್ಲವೆ ನಮ್ಮ ಗುಡ್ಡೆಯ ಉಣುಗು ಹೊಸದಾಗಿ ಅಂಟಿಸುತ್ತದೆ. ಥೈಲೇರಿಯಾದಲ್ಲಿ ಜೋರು ಜ್ವರ, ಕಿವಿಯ ಕೆಳಗೆ ಮತ್ತು ಹೆಗಲ ಮುಂದೆ ಗಂಟು ಊದುವುದು, ಕಣ್ಣಿನ ಒಳರೆಪ್ಪೆ ಬಿಳಿಚುವುದು. ಬಬೇಸಿಯಾದಲ್ಲಿ ಮೂತ್ರ ಕಾಫಿ ಕಷಾಯದ ಬಣ್ಣಕ್ಕೆ ಬರುತ್ತದೆ. ಎರಡಕ್ಕೂ ಮದ್ದಿದೆ, ಬೇರೆ ಬೇರೆ ಮದ್ದು. ಮೊದಲ ಎರಡು ದಿನದಲ್ಲಿ ರಕ್ತದ ಲೇಪ ಪರೀಕ್ಷಿಸಿ ಕೊಟ್ಟರೆ ಹಸು ಉಳಿಯುತ್ತದೆ, ಐದನೆಯ ದಿನ ಕೊಟ್ಟರೆ ಉಳಿಯುವುದು ಸಂಶಯ. ನಮ್ಮ ಊರಿನ ಮಲೆನಾಡು ಗಿಡ್ಡಕ್ಕೆ ಇವುಗಳ ಉಪದ್ರವ ಕಡಿಮೆ. 2012ರಲ್ಲಿ ಸ್ವತಂತ್ರ ತಳಿಯೆಂದು ಮಾನ್ಯತೆ ಪಡೆದ ಈ ಚಿಕ್ಕ ದನಗಳನ್ನು ಇಲ್ಲೇ ಕೊಯಿಲದ ಪಶುಸಂಗೋಪನಾ ಇಲಾಖೆಯ ಫಾರ್ಮಿನಲ್ಲಿ ನೋಡಬಹುದು. ಹಾಲು ಕಡಿಮೆ ಎಂದು ಅದನ್ನು ಹಟ್ಟಿಯಿಂದ ಹೊರಹಾಕಿದವರು ಮದ್ದಿನ ಬಿಲ್ಲನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದುದರಿಂದ ಕೊಳ್ಳುವಾಗ ಕೆಚ್ಚಲು, ಹಲ್ಲು, ಸುಳಿ ನೋಡಿದರೆ ಸಾಲದು. ಕಿವಿಯ ಬಿಲ್ಲೆಯ 12 ಅಂಕಿಗಳ ಸಂಖ್ಯೆ ಬರೆದುಕೊಂಡು, ಕಾಲುಬಾಯಿ ಜ್ವರದ ಲಸಿಕೆ ಯಾವಾಗ ಆಗಿದೆ ಎಂದು ಅಲ್ಲಿಯ ಪಶು ಆಸ್ಪತ್ರೆಯಲ್ಲಿ ಕೇಳಬೇಕು. 2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಂತೆ ಈ ಲಸಿಕೆಯನ್ನು ಆರು ತಿಂಗಳಿಗೊಮ್ಮೆ ಉಚಿತವಾಗಿ ಹಾಕುತ್ತಾರೆ. ಆಗಿಲ್ಲವೆಂದಾದರೆ ಮುಂಗಡ ಕೊಟ್ಟು ಹಸುವನ್ನು ಅಲ್ಲಿಯೇ ಬಿಟ್ಟು, ಲಸಿಕೆ ಹಾಕಿಸಿ, ಮೂರು ನಾಲ್ಕು ವಾರದ ಬಳಿಕ ತರುವುದು ಜಾಣತನ. ಕಂದು ರೋಗದ ಬಗ್ಗೆ ರಕ್ತಪರೀಕ್ಷೆ ಕೇಳಬೇಕು. ಗಬ್ಬದ ಕೊನೆಯಲ್ಲಿ ಕರು ಹಾಕಿಸುವ ಈ ರೋಗ ಹಸಿ ಹಾಲಿನಿಂದಲೂ, ಕಂದು ಹಾಕಿದ ದನದ ಮಾಸನ್ನು ಬರಿಗೈಯಲ್ಲಿ ಮುಟ್ಟಿದರೂ ಮನುಷ್ಯರಿಗೆ ಬಂದು ತಿಂಗಳುಗಟ್ಟಲೆ ಜ್ವರ, ಗಂಟುನೋವು ಕೊಡುತ್ತದೆ. ಇದರ ಲಸಿಕೆಯನ್ನು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಮಾತ್ರ ಕೊಡುತ್ತಾರೆ. ದೊಡ್ಡ ಹಸುವಿಗೆ ಅಲ್ಲ.

ಕಾಗದಪತ್ರದ ಮಾತಿಗೆ ಬರೋಣ. ನಮ್ಮ ಜಿಲ್ಲೆಯಲ್ಲಿ ದನ ಸಾಗಿಸುವುದೆಂದರೆ ಏನೆಂದು ಸದಸ್ಯರಿಗೆ ವಿವರಿಸಬೇಕಿಲ್ಲ. 2021ರ ಜನವರಿಯಲ್ಲಿ ಜಾರಿಗೆ ಬಂದ ರಾಜ್ಯದ ಗೋಹತ್ಯಾ ನಿಷೇಧ ಕಾಯಿದೆಯಲ್ಲಿ ಸಾಗಾಟಕ್ಕೂ ನಿರ್ಬಂಧಗಳಿವೆ. ಮಾರಿದವರ ರಶೀದಿ, ಪಶುವೈದ್ಯರ ಪ್ರಮಾಣಪತ್ರ, ಹೈನುಗಾರಿಕೆಗೆಂದು ತರುವುದಕ್ಕೆ ಆಧಾರ, ಡೈರಿ ಸೊಸೈಟಿಯ ಅಥವಾ ಬ್ಯಾಂಕಿನ ಸಾಲದ ಪತ್ರ ಇವೆಲ್ಲ ಜತೆಯಲ್ಲಿರಲಿ. ಯಾವ ಪರವಾನಗಿ ಬೇಕೆಂದು ಹೊರಡುವ ಮೊದಲೇ ನಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿ ತಿಳಿದುಕೊಳ್ಳಿ. ಕೊಂಡವರೇ ಗಾಡಿಯಲ್ಲಿ ಕೂತು ಬನ್ನಿ; ಚಾಲಕನೊಬ್ಬನನ್ನೇ ಕಳುಹಿಸಬೇಡಿ. ರಾತ್ರಿ ಸಾಗಿಸಬೇಡಿ. ಸೆಖೆಗೆ ರಾತ್ರಿಯೇ ಒಳ್ಳೆಯದು ಎಂಬ ವಾದ ಸರಿಯಾದರೂ ಬೆಳಗಿನ ಜಾವ ಹೊರಟು ಮಧ್ಯಾಹ್ನದೊಳಗೆ ಘಟ್ಟ ಇಳಿದರೆ ಎರಡೂ ಕೆಲಸ ಆಗುತ್ತದೆ. ದಾರಿಯಲ್ಲಿ ತಂಟೆ ತಕರಾರಾದರೆ ಮನುಷ್ಯರಿಗೂ ಅಪಾಯ, ತಾಸುಗಟ್ಟಲೆ ಬಿಸಿಲಿನಲ್ಲಿ ಗಾಡಿಯಲ್ಲೇ ನಿಲ್ಲುವ ಹಸುವಿಗೂ ಅಪಾಯ.

ಗಾಡಿಯ ವಿಷಯದಲ್ಲಿ 1978ರ ನಿಯಮಗಳು ಬಹಳ ವಿವೇಕದಿಂದ ಕೂಡಿವೆ. ನೆಲ ಜಾರದಂತೆ ತೆಂಗಿನ ನಾರಿನ ಚಾಪೆ ಅಥವಾ ಹಲಗೆ ಹಾಸಬೇಕು. ಲಾರಿಯೊಂದರಲ್ಲಿ ಆರಕ್ಕಿಂತ ಹೆಚ್ಚು ದನ ಕೂಡದು, ತಲಾ ಎರಡು ಚದರ ಮೀಟರಿಗೆ ಕಡಿಮೆಯಿಲ್ಲದಂತೆ ಜಾಗ ಬೇಕು. ಜತೆಗೆ ಬೇರೆ ಸಾಮಾನು ಹೇರಬಾರದು, ನೋಡಿಕೊಳ್ಳಲು ಒಬ್ಬ ಆಳು ಇರಬೇಕು. ದನದ ಮುಖ ಇಂಜಿನಿನ ಕಡೆಗಿದ್ದರೆ ಅದು ಹೆದರುವುದು ಕಡಿಮೆ. ನಾವು ಸೇರಿಸುವುದು ಇಷ್ಟೇ. ನಮ್ಮ ಊರಿನ ಪಿಕಪ್ಪುಗಳು ನಿನ್ನೆ ಮೈಲುತುತ್ತು, ಗೊಬ್ಬರ, ಕಳೆನಾಶಕ ಹೊತ್ತವು. ದನವಾಗಲಿ ನಾಯಿಯಾಗಲಿ ಏರುವ ಮೊದಲು ನೆಲವನ್ನು ಚೆನ್ನಾಗಿ ತೊಳೆಸಬೇಕು. ದನ ನೆಲ ನೆಕ್ಕುತ್ತದೆ. ಮೊದಲು ದನ ತುಂಬಿದ್ದ ಗಾಡಿಯಾದರೆ ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಕಾಲುಬಾಯಿ ಜ್ವರದ ವಿಷಾಣುವಿಗೆ ಅದು ಮಾರಕ. ತೆಂಕಣ ಗಾಳಿಯ ಮಳೆಗಾಲದಲ್ಲಿ ದನ ತರುವ ಯೋಚನೆಯನ್ನೇ ಬಿಡುವುದು ಲೇಸು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಶಿರಾಡಿಯೂ ಸಂಪಾಜೆ ದಾರಿಯೂ ಒಟ್ಟಿಗೆ ಮುಚ್ಚಿದ್ದವು. ಜೀವವಿರುವ ಸರಕು ಹೇರಿಕೊಂಡು ಹಾಗೆ ಮಧ್ಯದಲ್ಲಿ ಸಿಕ್ಕಿಬೀಳಬಾರದು.

ಮೂರು ವಾರ

ಹಸು ಬಂತು. ಮನೆಯವರೆಲ್ಲ ಆರತಿ ಎತ್ತಿ ಹಟ್ಟಿಗೆ ಒಳಮಾಡುತ್ತಾರೆ. ಆರತಿ ಆಗಲಿ, ಆದರೆ ಹಟ್ಟಿಗೆ ಬೇಡ. ಕೊಟ್ಟಿಗೆಯಿಂದ ದೂರ, ಸಾಧ್ಯವಾದರೆ ತೋಟದ ಇನ್ನೊಂದು ಬದಿಯಲ್ಲಿ, ಅಡಿಕೆ ಸಲಾಕೆಯ ಮೇಲೆ ಮಡಲು ಹೊದೆಸಿದ ಒಂದು ಚಪ್ಪರ ಮೊದಲೇ ಕಟ್ಟಿಸಿರಬೇಕು. ಅದಕ್ಕೆ ಬೇರೆ ಬಾಲ್ದಿ, ಬೇರೆ ಹಗ್ಗ, ಬೇರೆ ಗೊಬ್ಬರದ ಗುಂಡಿ. ಮನೆಯ ದನಗಳ ಕೆಲಸ ಮೊದಲು ಮುಗಿಸಿ, ಹೊಸ ಹಸುವಿನ ಕೆಲಸ ಕೊನೆಗೆ. ಮತ್ತೆ ಕೈಕಾಲು ತೊಳೆಯದೆ ಹಟ್ಟಿಗೆ ಹೋಗಬಾರದು. ಕಾಲುಬಾಯಿ ಜ್ವರ ಚಪ್ಪಲಿ, ಬಟ್ಟೆ, ಬಾಲ್ದಿಗಳ ಮೂಲಕವೂ ಹೋಗುತ್ತದೆ.

ಮೂರು ವಾರ ಎಂಬುದು ಕನಿಷ್ಠ. 2022ರಲ್ಲಿ ದೇಶದಾದ್ಯಂತ ಹಬ್ಬಿದ ಚರ್ಮಗಂಟು ರೋಗದಲ್ಲಿ ಲಕ್ಷಣ ತೋರಲು ನಾಲ್ಕು ವಾರದವರೆಗೂ ಹಿಡಿಯಬಹುದು. 2019ರಲ್ಲಿ ಒಡಿಶಾದಲ್ಲಿ ಮೊದಲು ಕಂಡ ಆ ರೋಗ ಮೂರೇ ವರ್ಷದಲ್ಲಿ ನಮ್ಮ ರಾಜ್ಯಕ್ಕೂ ಹಬ್ಬಿ, ಜಾನುವಾರು ಸಂತೆಗಳನ್ನೂ ಸಾಗಾಟವನ್ನೂ ತಡೆಹಿಡಿಯಬೇಕಾಯಿತು. ಕಚ್ಚುವ ನೊಣ, ಸೊಳ್ಳೆ, ಉಣುಗು ಇದನ್ನು ಒಯ್ಯುವುದರಿಂದ ಚಪ್ಪರದ ಬಳಿ ಸಂಜೆ ಹೊಗೆ ಹಾಕುವ ಹಳೆಯ ಪದ್ಧತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೇಕೆ ಸಿಡುಬಿನ ಲಸಿಕೆಯನ್ನೇ ಇದಕ್ಕೆ ಕೊಟ್ಟು ರಕ್ಷಣೆ ಪಡೆದದ್ದುಂಟು.

ಮೊದಲ ದಿನ ಹಿಂಡಿ ಬೇಡ. ಬೈಹುಲ್ಲು, ಸ್ವಲ್ಪ ಹಸಿಹುಲ್ಲು, ಉಪ್ಪು ಬೆಲ್ಲ ಬೆರೆಸಿದ ನೀರು ಸಾಕು. ಮಾರಿದವರಲ್ಲಿ ಹಸು ಏನು ತಿನ್ನುತ್ತಿತ್ತು ಎಂದು ಕೇಳಿ, ಅದೇ ಹಿಂಡಿಯ ಒಂದು ಗೋಣಿ ಜತೆಯಲ್ಲೇ ತಂದು, ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ನಮ್ಮದಕ್ಕೆ ಬದಲಾಯಿಸಬೇಕು. ಹಾಲು ಕಡಿಮೆಯಾಯಿತೆಂದು ಮಾರಿದವರನ್ನು ದೂರುವ ಮೊದಲು ಹತ್ತು ದಿನ ತಾಳ್ಮೆ ಬೇಕು. ಜ್ವರಮಾಪಕ ಒಂದು ಮನೆಯಲ್ಲಿರಲಿ. ಬೆಳಿಗ್ಗೆ ಸಂಜೆ ಗುದದ್ವಾರದಲ್ಲಿಟ್ಟು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಹಸುವಿಗೆ 101ರಿಂದ 102 ಡಿಗ್ರಿ ಫ್ಯಾರನ್‌ಹೀಟ್ ಸಹಜ. 103 ದಾಟಿದರೆ, ಮೇವು ತಿನ್ನುತ್ತಿದ್ದರೂ ವೈದ್ಯರಿಗೆ ತಿಳಿಸಬೇಕು. ಹೆಚ್ಚಿನ ರಕ್ತರೋಗಗಳು ಮೊದಲು ತೋರುವುದು ಜ್ವರಮಾಪಕದಲ್ಲಿ, ಆಮೇಲೆ ಹಸುವಿನ ಮುಖದಲ್ಲಿ. ಆಸ್ಪತ್ರೆ ದೂರವಾದರೆ 1962 ಎಂಬ ಸಂಖ್ಯೆಗೆ ಉಚಿತವಾಗಿ ಕರೆ ಮಾಡಿದರೆ ಪಶುಚಿಕಿತ್ಸಾ ವಾಹನದ ಸೇವೆ ಸಿಗುತ್ತದೆ. ಕರೆ ಮಾಡುವಾಗ ಮನೆಯ ದಾರಿಯನ್ನು ಸರಿಯಾಗಿ ಹೇಳಿ. "ದೊಡ್ಡ ಆಲದ ಮರದ ಬಳಿ" ಎಂದರೆ ಹೊರಗಿನಿಂದ ಬಂದ ಚಾಲಕನಿಗೆ ತಿಳಿಯದು.

ಒಂದು ಎಚ್ಚರಿಕೆಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಹಸು ಒಂದೇ ಸಮನೆ ಒರಲುತ್ತಾ, ಜೊಲ್ಲು ಸುರಿಸುತ್ತಾ, ನೀರು ನುಂಗಲಾರದೆ ಇದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕುವುದು ನಮ್ಮವರ ಅಭ್ಯಾಸ. ಹುಚ್ಚುನಾಯಿ ಕಚ್ಚಿದ ದನಕ್ಕೂ ಇದೇ ಲಕ್ಷಣ. ಹಿಂದಿನ ಊರಿನಲ್ಲಿ ಯಾವ ನಾಯಿ ಕಚ್ಚಿತ್ತೋ ನಮಗೇನು ಗೊತ್ತು? ಬರಿಗೈ ಹಾಕದೆ ವೈದ್ಯರನ್ನು ಕರೆಯಬೇಕು. ಆಗಲೇ ಕೈ ಹಾಕಿ ಆಗಿದ್ದರೆ ಸೋಪಿನಿಂದ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಆ ಹಸುವಿನ ಹಾಲನ್ನು ಯಾರೂ ಉಪಯೋಗಿಸಬಾರದು, ಡೈರಿಗೂ ಕೊಡಬಾರದು. ದನಕ್ಕೆ ಸಂಶಯದ ನಾಯಿ ಕಚ್ಚಿದ್ದು ಕೂಡಲೇ ಗೊತ್ತಾದರೆ ಅದಕ್ಕೂ ಐದು ಸಲ ಕೊಡುವ ಚುಚ್ಚುಮದ್ದು ಇದೆ. ಕಚ್ಚಿದ ದಿನ, 3, 7, 14 ಮತ್ತು 28ನೆಯ ದಿನ. ಖರ್ಚು ಹೆಚ್ಚೆಂದು ಮಧ್ಯದಲ್ಲಿ ನಿಲ್ಲಿಸಿದರೆ ಮೊದಲಿನ ಖರ್ಚೂ ನೀರಿಗೆ ಹೋದಂತೆ.

ಪೇಟೆಯಿಂದ ರಜೆಗೆ ಬಂದ ನಾಯಿಗೂ ಸ್ವಲ್ಪ ಮಟ್ಟಿಗೆ ಇದೇ ಕ್ರಮ ಸಾಕು. ಮೊದಲ ಕೆಲವು ದಿನ ತೋಟದ ನಾಯಿಗಳೊಂದಿಗೆ ಬಿಡದೆ, ಊಟದ ತಟ್ಟೆ ಬೇರೆ ಇಟ್ಟು, ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು ಹುಡುಕಬೇಕು. ಪೇಟೆಯ ನಾಯಿಗೆ ಹಾವಿನ ಪರಿಚಯವಿಲ್ಲ, ಇಲಿಪಾಷಾಣದ ಪರಿಚಯವೂ ಇಲ್ಲ. ಅಡಿಕೆ ರಾಶಿಯ ಬಳಿ, ಕಾಳುಮೆಣಸಿನ ಬುಡದಲ್ಲಿ ಹಗ್ಗ ಬಿಚ್ಚಿ ಬಿಡಬೇಡಿ.

ಹೊಸ ಹಸುವನ್ನು ಹಟ್ಟಿಗೆ ಸೇರಿಸುವ ದಿನ ಬಂದಾಗ, ಹಳೆಯ ದನಗಳು ಗುಡ್ಡೆಗೆ ಮೇಯಲು ಹೋಗಿರುವ ಹೊತ್ತಿನಲ್ಲಿ ಅದನ್ನು ಒಳಗೆ ತಂದು ಕೊನೆಯ ಗೂಟಕ್ಕೆ ಕಟ್ಟಿ. ಸಂಜೆ ಬಂದ ದನಗಳು ನಾಲ್ಕು ದಿನ ಮೂಸಿ, ಕೋಡು ಬೀಸಿ, ಆಮೇಲೆ ಸುಮ್ಮನಾಗುತ್ತವೆ. ಚಪ್ಪರದ ಸೊಪ್ಪು, ಗೊಬ್ಬರವನ್ನು ಸುಣ್ಣ ಹಾಕಿ ಮುಚ್ಚಿ, ಬಾಲ್ದಿ ಹಗ್ಗಗಳನ್ನು ವಾಷಿಂಗ್ ಸೋಡಾದ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಚಪ್ಪರವನ್ನು ಬಿಚ್ಚುವುದು ಬೇಡ. ಈ ವರ್ಷವೇ ಇನ್ನೊಂದು ಕರು ತರುವುದಾದರೆ ಅದೇ ಬೇಕಾಗುತ್ತದೆ.